ಗುಬ್ಬಿ ಫ್ರೂತೋಸನ ಮಗಳು

ಸ್ಪ್ಯಾನಿಷ್ ಮಾತಾಡುವ ನಮ್ಮ ಜನ ಮಾತಿಗೆ ಧಾರಾಳಿಗಳು, ಹೆಸರಿಗೆ ಮಾತ್ರ ಜಿಪುಣರು. ಸಮುದ್ರ ದಾಟಿ ಹೋದ ಕಡೆಯೆಲ್ಲ ಬಿಟ್ಟುಬಂದ ಊರಿನ ಹೆಸರನ್ನೇ ಹೊಸ ಊರಿಗೂ ಹಚ್ಚಿದರು. ಊರಿನ ಹೆಸರನ್ನೇ ಮನೆತನಕ್ಕೂ ಇಟ್ಟುಕೊಂಡರು. ಮಗು ಹುಟ್ಟಿದರೆ ಪಂಚಾಂಗ ತೆರೆದು ಅವತ್ತು ಯಾವ ಸಂತನ ದಿನವೋ ಆ ಹೆಸರು ಕೊಟ್ಟು ಕೈತೊಳೆದುಕೊಂಡರು. ನಾವಾಸ್ ಎಂಬ ಊರು ಎಷ್ಟಿವೆ, ನಾವಾಸ್ ಎಂಬ ಮನುಷ್ಯರು ಎಷ್ಟಿದ್ದಾರೆ ಎಂದು ಲೆಕ್ಕ ಹಾಕಲು ಕೂತರೆ ಗಡ್ಡ ನೆರೆಯುತ್ತದೆ. ಮೊದೆಸ್ತಾ ನಾವಾಸ್ ಹುಟ್ಟಿದ್ದು ಅಷ್ಟರಲ್ಲೂ ಬಹುಶಃ ಎಲ್ಲಕ್ಕಿಂತ ಚಿಕ್ಕ ನಾವಾಸ್‌ನಲ್ಲಿ. ಸ್ಪೇನಿನ ಸೆಗೋವಿಯಾ ಸೀಮೆಯ ಪೈನ್ ಕಾಡಿನ ನಡುವೆ ನೂರಿಪ್ಪತ್ತು ಮನೆ, ಒಂದು ಚರ್ಚು, ಚರ್ಚಿಗೆ ಬೆನ್ನು ಹಾಕಿ ಕೂತ ಒಂದು ಹೆಂಡದಂಗಡಿ.

ಇಂಥ ಊರಿನಲ್ಲಿ ಕಾಗದದ ಹೆಸರು ಯಾರ ಕೆಲಸಕ್ಕೂ ಬರುವುದಿಲ್ಲ. ಆ ಹೆಸರಿನಿಂದ ಕರೆದರೆ ಐದು ಜನ ತಿರುಗಿ ನೋಡುತ್ತಾರೆ. ಆದ್ದರಿಂದ ಪ್ರತಿ ಮನೆಗೂ ಒಂದು ಅಡ್ಡಹೆಸರು, ಅದು ಅಜ್ಜನಿಂದ ಮೊಮ್ಮಗನಿಗೆ ಹೊಲದ ಜೊತೆಗೇ ಬರುತ್ತದೆ. ಹೊಲ ಮಾರಬಹುದು, ಅಡ್ಡಹೆಸರು ಮಾರಲಾಗದು. ಮೊದೆಸ್ತಾಳದು ಗುಬ್ಬಿ ಮನೆ. ಅವಳ ಮುತ್ತಜ್ಜ ಸಣ್ಣಗಿದ್ದನೋ, ಗುಬ್ಬಿ ಹಿಡಿದು ತಿನ್ನುತ್ತಿದ್ದನೋ, ಯಾರಿಗೂ ನೆನಪಿಲ್ಲ. ಎದುರು ಬೀದಿಯದು ಗಡಿಯಾರದ ಮನೆ, ಊರಿಗೆ ಮೊದಲು ಜೇಬುಗಡಿಯಾರ ತಂದವರು.

ಈ ಎರಡು ಮನೆ ಮೂಲದಲ್ಲಿ ಒಂದೇ. ಅಣ್ಣತಮ್ಮಂದಿರು ಇಬ್ಬರು ಸಾನ್ಸ್ ಮನೆತನದ ಅಕ್ಕತಂಗಿಯರಿಬ್ಬರನ್ನು ಮದುವೆಯಾದರು. ಅಣ್ಣ ಹಳೆಯ ಮನೆಯಲ್ಲಿ ಉಳಿದು ಗುಬ್ಬಿಯಾಗಿಯೇ ಇದ್ದ, ತಮ್ಮ ಗಡಿಯಾರ ಕೊಂಡು ಬೇರೆ ಮನೆ ಕಟ್ಟಿದ. ನಮ್ಮಲ್ಲಿ ಮಕ್ಕಳು ಅಪ್ಪನ ಮನೆತನದ ಹೆಸರನ್ನೂ ಅಮ್ಮನ ಮನೆತನದ ಹೆಸರನ್ನೂ ಜೊತೆಗೆ ಹೊರುತ್ತಾರೆ, ಹಾಗಾಗಿ ಎರಡೂ ಮನೆಯ ಮಕ್ಕಳು ನಾವಾಸ್ ಸಾನ್ಸ್ ಆದರು. ಸಾಲದ್ದಕ್ಕೆ ಒಂದು ವರ್ಷದ ಅಂತರದಲ್ಲಿ ಎರಡೂ ಮನೆಗಳಲ್ಲಿ ಸಂತ ಫ್ರೂತೋಸನ ಹಬ್ಬದ ದಿನವೇ ಗಂಡುಮಗು ಹುಟ್ಟಿತು. ಸೀಮೆಗೇ ದೊಡ್ಡವನಾದ ಆ ಸಂತನನ್ನು ಬಿಟ್ಟು ಬೇರೆ ಹೆಸರಿಡುವ ಧೈರ್ಯ ಯಾರಿಗಿದೆ? ಇಬ್ಬರೂ ಫ್ರೂತೋಸ್ ನಾವಾಸ್ ಸಾನ್ಸ್. ಪಾದ್ರಿ ದಾಖಲೆ ಬರೆಯುವಾಗ ನಕ್ಕನಂತೆ. ಅವತ್ತು ನಗುವ ಮಾತೇ ಆಗಿತ್ತು.

ಗುಬ್ಬಿ ಫ್ರೂತೋಸ್ ಮೊದೆಸ್ತಾಳ ಅಪ್ಪ. ಪೈನ್ ಮರದ ತೊಗಟೆ ಕೆತ್ತಿ, ಗಾಯದ ಕೆಳಗೆ ಮಣ್ಣಿನ ಕುಡಿಕೆ ಸಿಕ್ಕಿಸಿ, ಒಸರಿದ ರಾಳ ಇಳಿಸುವುದು ಅವನ ಕಸುಬು. ಓದು ಬರಹ ಇಲ್ಲ, ರಾಜಕೀಯ ಇಲ್ಲ, ಮಾತಿಗೆ ಮೊದಲು ನಗು. ಗಡಿಯಾರದ ಫ್ರೂತೋಸ್ ಓದಿದವನು. ರಾಳದ ಕೆಲಸಗಾರರ ಸಂಘದ ಕಾರ್ಯದರ್ಶಿ, ಚೌಕದಲ್ಲಿ ಕುರ್ಚಿಯ ಮೇಲೆ ನಿಂತು ಭಾಷಣ ಮಾಡುತ್ತಿದ್ದವನು. ಮೂವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಸೈನ್ಯ ಸರ್ಕಾರದ ಮೇಲೆ ದಂಗೆ ಎದ್ದು, ಅದರ ಪರ ನಿಂತ ನೀಲಿ ಅಂಗಿಯವರು ಸಂಘದ ಜನರನ್ನು ಕೊಲ್ಲಲು ಪಟ್ಟಿ ಹಿಡಿದು ಊರೂರು ತಿರುಗಲು ತೊಡಗಿದಾಗ, ಗಡಿಯಾರದ ಫ್ರೂತೋಸ್ ಮೂರು ದಿನದ ಹಿಂದೆಯೇ ಬೆಟ್ಟ ಹತ್ತಿದ್ದಾನೆ ಎಂದು ಊರು ಹೇಳುತ್ತಿತ್ತು.

ಆಗಸ್ಟ್ ತಿಂಗಳ ಮಧ್ಯಾಹ್ನ. ಗಡಿಯಾರದವರ ಕಣದಲ್ಲಿ ಗೋಧಿ ಒಕ್ಕಣೆ. ಗುಬ್ಬಿ ಫ್ರೂತೋಸ್ ಅವತ್ತು ರಾಳದ ಕೆಲಸ ಬಿಟ್ಟು ಚಿಕ್ಕಪ್ಪನ ಮನೆಯ ಕಣಕ್ಕೆ ಮುಯ್ಯಿಗೆ ಬಂದಿದ್ದ. ಮೊದೆಸ್ತಾಗೆ ಆರು ವರ್ಷ. ಅಮ್ಮ ಫಿಲೊಮೆನಾ ಹಸಿ ಬಾಣಂತಿ, ಆದ್ದರಿಂದ ಅಪ್ಪನ ಊಟ ಒಯ್ಯುವ ಕೆಲಸ ಇವಳದು. ಕಡಲೆ ಬೇಯಿಸಿದ ಪಾತ್ರೆ ಎರಡೂ ಕೈಯಲ್ಲಿ ಹಿಡಿದು ಅವಳು ಕಣದ ಅಂಚಿಗೆ ಬರುವುದಕ್ಕೂ ಲಾರಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕಣದಲ್ಲಿ ಅಪ್ಪನನ್ನು ಬಿಟ್ಟು ಎಂಟು ಜನ. ಅಪ್ಪ ಹುಲ್ಲಿನ ರಾಶಿಯ ಪಕ್ಕ ಕವೆಗೋಲು ಹಿಡಿದು ನಿಂತಿದ್ದ. ಗಡಿಯಾರದವನ ತಾಯಿ ತೊಮಾಸಾ, ಮೊದೆಸ್ತಾಗೆ ಚಿಕ್ಕಜ್ಜಿ, ರಾಶಿಗೆ ಬೆನ್ನು ಕೊಟ್ಟು ನಿಂತಿದ್ದಳು.

ನೀಲಿ ಅಂಗಿಯ ಮುಖಂಡ ಲಾರಿಯಿಂದ ಇಳಿಯದೆಯೇ ಕಾಗದ ನೋಡಿ ಕೂಗಿದ. "ಫ್ರೂತೋಸ್ ನಾವಾಸ್ ಸಾನ್ಸ್!"

"ಹಾಜರ್!" ಎಂದ ಅಪ್ಪ.

ಮೊರೊಕ್ಕೊದಲ್ಲಿ ಎರಡು ವರ್ಷ ಸಿಪಾಯಿಯಾಗಿದ್ದವನು. ಅಷ್ಟುದ್ದದ ಹೆಸರಿನಿಂದ ಅವನನ್ನು ಕರೆದದ್ದು ಆ ಸೈನ್ಯ ಒಂದೇ, ಕರೆದಾಗ ಹೀಗೆ ಕೂಗದಿದ್ದರೆ ಬೆನ್ನಿಗೆ ಬೆಲ್ಟಿನ ಏಟು. ಮುಖಂಡ ಅವನ ರಾಳ ಹತ್ತಿದ ಕೈ ನೋಡಿದ, ಹರಿದ ಚಪ್ಪಲಿ ನೋಡಿದ. ಅವನಿಗೂ ಅನುಮಾನ ಬಂದಿರಬೇಕು.

"ನೀನೇನಾ? ಈ ಹೆಸರಿನವನು ಊರಲ್ಲಿ ಇನ್ನೊಬ್ಬ ಇದಾನೇನ್ರೋ?"

ಕೇಳಿದ್ದು ಎಂಟು ಜನರನ್ನು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎನ್ನುತ್ತಾರೆ. ಅವತ್ತು ಊರ ಬಾಯಿ ಯಾರೂ ಮುಚ್ಚದೆಯೇ ಮುಚ್ಚಿಕೊಂಡಿತು. ಅಪ್ಪನೇ ನಕ್ಕು ಉತ್ತರ ಕೊಟ್ಟ. "ಇಷ್ಟುದ್ದದ ಹೆಸರು ಈ ಊರಲ್ಲಿ ಇನ್ಯಾರಿಗಿದೆ ಸ್ವಾಮಿ? ನಮ್ಮಪ್ಪ ಒಬ್ಬನೇ ಅಷ್ಟು ಖರ್ಚು ಮಾಡಿದ್ದು!"

ಕವೆಗೋಲನ್ನು ರಾಶಿಗೆ ಒರಗಿಸಿಟ್ಟು ಲಾರಿ ಹತ್ತಿದ. ಪಾತ್ರೆ ಹಿಡಿದು ನಿಂತ ಮಗಳ ಕಡೆ ನೋಡಲಿಲ್ಲ. ಲಾರಿ ಹೋದ ಮೇಲೆ ಸಾಲಾಗಿ ಗುಂಡಿನ ಸದ್ದು ಕೇಳಿತು, ನಾಲ್ಕನೆಯ ಕಿಲೋಮೀಟರ್ ಕಲ್ಲಿನ ಕಡೆಯಿಂದ. ತೊಮಾಸಾ ಆಗಲೂ ರಾಶಿ ಬಿಟ್ಟು ಅಲ್ಲಾಡಲಿಲ್ಲ. ದುಃಖಕ್ಕೆ ಕಾಲು ಸೋತಿರಬೇಕು ಎಂದುಕೊಂಡು ಮೊದೆಸ್ತಾ ಎಪ್ಪತ್ತೆರಡು ವರ್ಷ ಆ ಚಿಕ್ಕಜ್ಜಿಯ ಬಗ್ಗೆ ಮರುಕಪಟ್ಟಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ ಇದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಎಂಟು ಜನ ತಲೆ ಎತ್ತಿ ಓಡಾಡಬೇಕಲ್ಲ? ಆದ್ದರಿಂದ ಊರು ಬೇರೆ ಕಥೆ ಹೊಸೆಯಿತು. ಗುಬ್ಬಿ ಪೆದ್ದ, ಕರೆದ ಕೂಡಲೇ ಕೈ ಎತ್ತಿದ, ಸಾಲದ್ದಕ್ಕೆ ಹಲ್ಲು ಬೇರೆ ಕಿರಿದ. ಶಾಲೆಯಲ್ಲಿ ಹುಡುಗಿಯರು ಮೊದೆಸ್ತಾಳ ಜಡೆ ಎಳೆದು ಹೇಳುತ್ತಿದ್ದರು: "ಬಾಯಿದ್ದೋನು ಬರಗಾಲದಲ್ಲೂ ಬದುಕಿದ ಅಂತಾರೆ ಕಣೇ, ನಿಮ್ಮಪ್ಪ ಬಾಯಿದ್ದೇ ಸತ್ತ!" ಮೊದೆಸ್ತಾ ಹೊಡೆಯುತ್ತಿದ್ದಳು. ಒಬ್ಬಳ ಹಲ್ಲು ಮುರಿದದ್ದೂ ಉಂಟು. ಆದರೆ ಒಳಗೊಳಗೆ ಅವಳಿಗೂ ಅಪ್ಪನ ಮೇಲೆ ಅದೇ ಸಿಟ್ಟು. ಯಾಕಪ್ಪಾ ಓಗೊಟ್ಟೆ? ಒಂದು ಕ್ಷಣ ಸುಮ್ಮನಿರಲು ಆಗಲಿಲ್ಲವೇ?

ಜೀವ ಹೋಯಿತು, ಸರಿ. ಸಾವೂ ಹೋಯಿತು. ನಲವತ್ತನೆಯ ಇಸವಿಯಲ್ಲಿ ಗಡಿಯಾರದವನ ಹೆಂಡತಿ ಲೆಯೊನೋರ್ ಕಪ್ಪು ಬಟ್ಟೆ ಉಟ್ಟು ದಾಖಲೆ ಕಚೇರಿಗೆ ಹೋಗಿ, ನನ್ನ ಗಂಡ ಫ್ರೂತೋಸ್ ನಾವಾಸ್ ಸಾನ್ಸ್ ಸತ್ತಿದ್ದಾನೆ ಎಂದು ಬರೆಸಿದಳು. ಕಣದಲ್ಲಿದ್ದ ಇಬ್ಬರು ಗಂಡಸರು ಸಾಕ್ಷಿ ಹಾಕಿದರು. ಸತ್ತವನನ್ನು ಯಾರೂ ಹುಡುಕುವುದಿಲ್ಲವಲ್ಲ, ಅದಕ್ಕೆ. ಐದು ವರ್ಷದ ನಂತರ ಬ್ರೆಡ್ಡಿನ ಅಂಗಡಿಯ ಗೌದೆನ್ಸಿಯೊ ಫಿಲೊಮೆನಾಳನ್ನು ಮದುವೆಯಾಗುತ್ತೇನೆ ಎಂದ. ಹಿಟ್ಟಿನ ವಾಸನೆಯ ಒಳ್ಳೆಯ ಮನುಷ್ಯ. ಮೊದೆಸ್ತಾಗೆ ಬಿಸಿ ಬ್ರೆಡ್ಡಿನ ತುದಿ ಮುರಿದು ಕೊಡುತ್ತಿದ್ದ. ಪಾದ್ರಿ ಗಂಡ ಸತ್ತ ಕಾಗದ ಕೇಳಿದ. ಫಿಲೊಮೆನಾ ಮಗಳನ್ನು ಕರೆದುಕೊಂಡು ಕಚೇರಿಗೆ ಹೋದಳು. ಗುಮಾಸ್ತ ಪುಸ್ತಕ ತಿರುವಿದ.

"ಫ್ರೂತೋಸ್ ನಾವಾಸ್ ಸಾನ್ಸ್. ಸತ್ತಾಗಿದೆಯಲ್ಲಮ್ಮ. ಹೆಂಡತಿ ಲೆಯೊನೋರ್."

"ಅದು ಇನ್ನೊಬ್ಬ, ಸ್ವಾಮಿ. ಇಬ್ಬರಿದ್ರು. ಸತ್ತೋನು ನನ್ನ ಗಂಡ."

"ಒಬ್ಬ ಮನುಷ್ಯ ಎರಡು ಸಲ ಸಾಯಕ್ಕಾಗಲ್ಲ. ಇಬ್ಬರಿದ್ರು ಅಂದ್ರೆ ಇನ್ನೊಬ್ಬ ಎಲ್ಲೋ ಬದುಕಿದಾನೆ ಅಂತ ಆಯ್ತು. ಬಂದ್ರೆ ಕರ್ಕೊಂಡ್ ಬಾ."

ಗೌದೆನ್ಸಿಯೊ ಎರಡು ವರ್ಷ ಕಾದು ಪಕ್ಕದ ಊರಿನ ಹೆಣ್ಣನ್ನು ಕಟ್ಟಿಕೊಂಡ. ಅವನನ್ನು ಬೈಯುವ ಹಾಗಿಲ್ಲ. ಲೆಯೊನೋರ್ ಮಾತ್ರ ನಲವತ್ತೊಂಬತ್ತರಲ್ಲಿ ವಿಧವೆಯ ಕಾಗದ ಹಿಡಿದು ಹಡಗು ಹತ್ತಿ ಚಿಲಿಗೆ ಹೋದಳು, ಅಲ್ಲೊಬ್ಬ ಅಂಗಡಿಕಾರನನ್ನು ಮದುವೆಯಾಗಲು. ಅಂಗಡಿಕಾರನ ಹೆಸರು ಫ್ರೂತೋಸ್ ನಾವಾಸ್ ಸಾನ್ಸ್. ಅವನಿದ್ದ ಊರಿನ ಹೆಸರೂ ನಾವಾಸ್. ರೈಲಿನ ಕಿಟಕಿಯಿಂದ ಹಲಗೆ ಓದಿ ಅಲ್ಲಿಯೇ ಇಳಿದನಂತೆ. ಹೆಂಡದಂಗಡಿ ಒಂದು ತಿಂಗಳು ನಕ್ಕಿತು: "ಸತ್ತ ಗಂಡನ್ನ ಮರೆಯಕ್ಕೆ ಅದೇ ಗಂಡನ್ನ ಮದುವೆ ಆದ್ಲಲ್ಲೋ!" ಫಿಲೊಮೆನಾ ನಗಲಿಲ್ಲ. ತೊಮಾಸಾ ಪ್ರತಿ ತಿಂಗಳು ಒಂದು ಜಾಡಿ ಆಲಿವ್ ಎಣ್ಣೆ ಕಳಿಸುತ್ತಿದ್ದಳು. ಫಿಲೊಮೆನಾ ತೆಗೆದುಕೊಳ್ಳುತ್ತಿದ್ದಳು. ಮೊದೆಸ್ತಾ ಊರನ್ನೆಲ್ಲ ಹೆಸರು ಹಿಡಿದು ಶಪಿಸುವಾಗ ಅಮ್ಮ, "ತೊಮಾಸಾನ ಮಾತ್ರ ಬೈಬೇಡ. ಅವಳೂ ಹೆತ್ತೋಳು" ಎನ್ನುತ್ತಿದ್ದಳು.

ಮೊದೆಸ್ತಾ ಮದುವೆಯಾಗಲಿಲ್ಲ. ಅವಳ ನಾಲಿಗೆಗೆ ಹೆದರಿ ಯಾರೂ ಕೇಳಲಿಲ್ಲ ಎಂದು ಊರು, ಕೇಳಿದವರೆಲ್ಲ ಸಾಕ್ಷಿ ಹಾಕಿದವರ ವಂಶದವರು ಎಂದು ಅವಳು. ಎರಡೂ ನಿಜ ಇರಬಹುದು. ಹದಿನಾಲ್ಕಕ್ಕೆ ಕುಡಿಕೆಯ ರಾಳ ಬಳಿದು ಡಬ್ಬಕ್ಕೆ ತುಂಬುವ ಕೆಲಸಕ್ಕೆ ಹೋದಳು. ಡಬ್ಬ ಹೊತ್ತು ಬಲಗಡೆ ಭುಜ ಇಳಿಯಿತು. ಕೈಗೆ ಹತ್ತಿದ ರಾಳ ಎಣ್ಣೆ ತಿಕ್ಕದೆ ಹೋಗುವುದಿಲ್ಲ, ತಿಕ್ಕಲು ಇದ್ದದ್ದು ತೊಮಾಸಾಳ ಎಣ್ಣೆ. ತಮ್ಮ ಕೂಸಾಗಿದ್ದಾಗಲೇ ಹೋದ, ಅಮ್ಮ ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಹೋದಳು. ರಾಳಕ್ಕೆ ಗಿರಾಕಿ ಇಲ್ಲದಂತಾಗಿ ಕುಡಿಕೆಗಳು ಮರದಲ್ಲೇ ಒಡೆದವು. ಮೊದೆಸ್ತಾ ಉಳಿದಳು, ಅವಳ ಜೊತೆ ಒಂದೇ ಒಂದು ಆಸೆ ಉಳಿಯಿತು. ಸತ್ತವನು ಗುಬ್ಬಿ ಫ್ರೂತೋಸ್ ಎಂದು ಎಲ್ಲಾದರೂ ಒಂದು ಕಡೆ ಬರೆದಿರಬೇಕು. ಕಲ್ಲಾದರೂ ಸರಿ, ಕಾಗದವಾದರೂ ಸರಿ.

ಎರಡು ಸಾವಿರದ ಎಂಟರಲ್ಲಿ ಪಟ್ಟಣದಿಂದ ಹುಡುಗ ಹುಡುಗಿಯರು ಬಂದು ನಾಲ್ಕನೆಯ ಕಿಲೋಮೀಟರಿನ ಹಳ್ಳ ಅಗೆದರು. ಹನ್ನೊಂದು ಜನರ ಮೂಳೆ. ಮೊದೆಸ್ತಾಳ ಕೆನ್ನೆಯೊಳಗೆ ಹತ್ತಿಯ ಕಡ್ಡಿ ಆಡಿಸಿಕೊಂಡು ಹೋದರು. ಮೂರು ತಿಂಗಳಿಗೆ ಪತ್ರ ಬಂತು. ಏಳನೆಯ ನಂಬರಿನ ಮೂಳೆ ನಿಮ್ಮ ತಂದೆಯದು. ಅವಳು ಪತ್ರವನ್ನು ಮಡಚಿ ಒಳಲಂಗದ ಜೇಬಿಗೆ ಇಟ್ಟುಕೊಂಡು ಮೇಯರ್ ವಿದಾಲ್ ಹತ್ತಿರ ಹೋದಳು. ವಿದಾಲ್ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬನ ಮೊಮ್ಮಗ.

"ಸ್ಮಶಾನದಲ್ಲಿ ಕಲ್ಲು ನಿಲ್ಲಿಸ್ತೀಯಂತಲ್ಲ. ನಮ್ಮಪ್ಪನ ಹೆಸರಿನ ಮುಂದೆ 'ಗುಬ್ಬಿ' ಅಂತ ಕೆತ್ತಿಸು."

"ಮೊದೆಸ್ತಕ್ಕ, ಕಲ್ಲು ಕೆತ್ತಾಗಿದೆ. ಸರ್ಕಾರದ ಪಟ್ಟಿ ಪ್ರಕಾರ. ಅಡ್ಡಹೆಸರೆಲ್ಲ ಕಲ್ಲಿಗೆ ಹಾಕಕ್ಕಾಗುತ್ತಾ? ಊರಿನ ಮರ್ಯಾದೆ ನೋಡ್ಬೇಕಲ್ಲ."

"ಊರಿಗೆ ಮರ್ಯಾದೆ ಯಾವಾಗ ಬಂತು? ನಂಗೆ ಯಾರೂ ಹೇಳ್ಲೇ ಇಲ್ಲ."

ವಿದಾಲ್ ತಲೆ ಕೆರೆದುಕೊಂಡ. ನಿಜವಾದ ಕಷ್ಟ ಬೇರೆ ಇತ್ತು. ಚಿಲಿಯ ನಾವಾಸ್‌ನವರು ನಮ್ಮ ನಾವಾಸ್ ಜೊತೆ ನೆಂಟಸ್ತನ ಬೆಳೆಸಲು ಹೊರಟಿದ್ದರು. ಅಲ್ಲಿ ಗಡಿಯಾರದ ಫ್ರೂತೋಸ್ ದೊಡ್ಡ ಮನುಷ್ಯ. ಶಾಲೆ ಕಟ್ಟಿಸಿದವನು, ತೊಂಬತ್ತು ದಾಟಿ ಹಾಸಿಗೆಯಲ್ಲಿ ಸತ್ತವನು. ಅವನ ಹೆಸರಿನ ಹಿತ್ತಾಳೆ ಫಲಕವನ್ನು ನಮ್ಮ ಚೌಕದಲ್ಲಿ ಹಾಕಲು ಅವನ ಮೊಮ್ಮಗಳೇ ಬರುತ್ತಿದ್ದಳು. ಕಲ್ಲೂ ಫಲಕವೂ ಒಂದೇ ಭಾನುವಾರ, ಎಂಬತ್ತು ಜನಕ್ಕೆ ಕುರಿಮರಿ ಊಟ. ಒಂದೇ ಹೆಸರು ಸ್ಮಶಾನದಲ್ಲೂ ಚೌಕದಲ್ಲೂ ಇದ್ದರೆ ಬಂದವರು ಕೇಳುತ್ತಾರೆ. ಗುಬ್ಬಿ ಎಂದು ಬರೆಸಿದರಂತೂ ಯಾಕೆ, ಹೇಗೆ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಬಿಡಿಸಿ ಹೇಳುವ ಅಭ್ಯಾಸ ನಮ್ಮೂರಿಗೆ ಎಂದೂ ಇರಲಿಲ್ಲ.

ಮೊಮ್ಮಗಳು ರೊಸಾಲ್ಬಾ ಶುಕ್ರವಾರ ಬಂದಳು. ಮೂವತ್ತರ ಹೆಣ್ಣು, ಎರಡೂ ಕೆನ್ನೆಗೆ ಮುತ್ತಿಟ್ಟು "ಅತ್ತೇ" ಎಂದು ಒಳಗೇ ನುಗ್ಗಿದಳು. ರಕ್ತದಲ್ಲಿ ಅತ್ತೆಯೇ ಹೌದು. ಮೊದೆಸ್ತಾ ಬೆಳ್ಳುಳ್ಳಿ ಸಾರಿಗೆ ಒಣ ಬ್ರೆಡ್ಡು ಮುರಿದು ಹಾಕಿ ಮುಂದಿಟ್ಟಳು. ಹುಡುಗಿ ತಿನ್ನುತ್ತ, ಬಾಯ್ತುಂಬ ಮಾತಾಡುತ್ತ ಕೂತಳು. ಮೊದೆಸ್ತಾಗೆ ಅವಳು ಇಷ್ಟವಾದಳು, ಅದೂ ಒಂದು ಸಂಕಟ.

"ತಾತ ಆ ಕಥೆ ಹೇಳ್ತಿದ್ರೆ ನಾವೆಲ್ಲ ಬಿದ್ದು ಬಿದ್ದು ನಗ್ತಿದ್ವಿ ಅತ್ತೆ. ಪ್ರತಿ ಹುಟ್ಟುಹಬ್ಬಕ್ಕೂ ಅದೇ ಕಥೆ!"

"ಯಾವ ಕಥೆ?"

"ಅದೇ, ಲಾರಿ ಬಂದಿದ್ದು. ತಾತ ಬೆಳಿಗ್ಗೆನೇ ಬೆಟ್ಟದಿಂದ ಇಳಿದು ಬಂದು ಕಣದಲ್ಲಿ ಊಟ ಮಾಡ್ತಿದ್ರಂತೆ. ಲಾರಿ ಸದ್ದು ಕೇಳಿದ್ದೇ ತಡ, ಹುಲ್ಲಿನ ರಾಶಿ ಒಳಗೆ! ಅವರಮ್ಮ ಅಡ್ಡ ನಿಂತ್ಕೊಂಡ್ರಂತೆ. ಯಾರೋ ಒಬ್ಬ ಪೆದ್ದ ಕೂಲಿಯವನು, ಏನೂ ಗೊತ್ತಿಲ್ಲದೆ ತಾತನ ತಲೆ ಮೇಲೆ ಎರಡು ಕವೆ ಹುಲ್ಲು ಎಸೆದನಂತೆ, ಕಣ್ಣಿಗೆಲ್ಲ ಹೊಟ್ಟು! ಆಮೇಲೆ ಇವರ ಹೆಸರು ಕೂಗಿದ್ರೆ ಅದೇ ಪೆದ್ದ 'ಹಾಜರ್' ಅನ್ನೋದಾ! ತಾತ ಬಾಯಿಗೆ ಹುಲ್ಲು ತುರುಕ್ಕೊಂಡು ನಗು ತಡ್ಕೊಂಡ್ರಂತೆ."

ಮೊದೆಸ್ತಾ ಬ್ರೆಡ್ಡು ಮುರಿಯುವುದನ್ನು ನಿಲ್ಲಿಸಿದಳು. ರಾಶಿಗೆ ಬೆನ್ನು ಕೊಟ್ಟ ತೊಮಾಸಾ. ಕವೆಗೋಲು ಹಿಡಿದ ಅಪ್ಪ. ಎಂಟು ಜನರೂ ಕಂಡಿದ್ದರು, ಎಂಟು ಜನಕ್ಕೂ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು, ಇಲ್ಲದಿದ್ದರೆ ಆ ಎಣ್ಣೆ ಯಾಕೆ? ಗೊತ್ತಿಲ್ಲದವಳು ಇವಳೊಬ್ಬಳೇ.

ಅಪ್ಪ ಏನೂ ಗೊತ್ತಿಲ್ಲದೆ ಹುಲ್ಲು ಎಸೆಯಲಿಲ್ಲ. ಜೊತೆಗೆ ಆಡಿ ಬೆಳೆದವನು ಕಾಲಬುಡದಲ್ಲಿ ಅಡಗಿ ಕೂತದ್ದು ಯಾರ ಕಣ್ಣಿಗೆ ಬೀಳುವುದಿಲ್ಲ? ಮೊದಲು ಮುಚ್ಚಿದ, ಆಮೇಲೆ ಓಗೊಟ್ಟ. ಇಷ್ಟುದ್ದದ ಹೆಸರು ಇನ್ಯಾರಿಗಿದೆ ಎಂದು ಹಲ್ಲು ಕಿರಿದದ್ದೂ ಪೆದ್ದತನವಲ್ಲ, ಮುಖಂಡ ಎರಡನೆಯ ಸಲ ಕೇಳದಿರಲಿ ಎಂದು.

"ಅತ್ತೆ? ಏನಾಯ್ತು?"

"ಆ ಪೆದ್ದ ನಮ್ಮಪ್ಪ ಕಣಮ್ಮ. ಕೂಲಿಯವನಲ್ಲ. ನಿಮ್ಮ ತಾತನ ದೊಡ್ಡಪ್ಪನ ಮಗ. ಮುಯ್ಯಿಗೆ ಬಂದಿದ್ದ."

ರೊಸಾಲ್ಬಾ ಚಮಚ ಕೆಳಗಿಟ್ಟಳು. ಅತ್ತಳು, ಮೊದೆಸ್ತಾಳ ಕೈ ಹಿಡಿದುಕೊಂಡು ಅತ್ತಳು. ಗೊತ್ತಿರಲಿಲ್ಲ ಅತ್ತೆ, ದೇವರಾಣೆ ಗೊತ್ತಿರಲಿಲ್ಲ ಎಂದಳು. ನಿಜವೇ ಇರಬೇಕು. ಫಲಕ ಹಾಕಬೇಡ ಎಂದು ಮೊದೆಸ್ತಾ ಕೇಳಲಿಲ್ಲ. ಹುಡುಗಿಯೇ ಮೂಗು ಒರೆಸಿಕೊಳ್ಳುತ್ತ ಅಂದಳು: "ನನ್ನ ಕೈಲಿಲ್ಲ ಅತ್ತೆ. ಇಡೀ ಊರು ಸೇರಿ ಮಾಡಿಸಿದ್ದು. ಹಾಕದೆ ವಾಪಸ್ ಹೋದ್ರೆ ಏನಂತ ಹೇಳ್ಲಿ?"

"ಏನೂ ಹೇಳ್ಬೇಡ. ಆ ವಿದ್ಯೆ ನಿಮ್ಮನೇಲಿ ಚೆನ್ನಾಗಿ ಬರುತ್ತೆ. ಸಾರು ಆರಿಹೋಗುತ್ತೆ, ತಿನ್ನು" ಎಂದಳು ಮೊದೆಸ್ತಾ.

ಭಾನುವಾರ ಬೆಳಿಗ್ಗೆ ಚೌಕದಲ್ಲಿ ಫಲಕ ಏರಿತು. ಹಿತ್ತಾಳೆಯ ಮೇಲೆ ಫ್ರೂತೋಸ್ ನಾವಾಸ್ ಸಾನ್ಸ್, ಈ ಮಣ್ಣಿನ ಧೀರ ಮಗ. ಬ್ಯಾಂಡು ಬಾರಿಸಿತು. ರೊಸಾಲ್ಬಾ ಬರೆದು ತಂದಿದ್ದ ಭಾಷಣವನ್ನು ತಲೆ ತಗ್ಗಿಸಿ ಓದಿದಳು, ಅರ್ಧ ಪುಟ ಬಿಟ್ಟಳು ಎಂದು ಹತ್ತಿರ ಇದ್ದವರು ಹೇಳುತ್ತಾರೆ. ಅಲ್ಲಿಂದ ಮೆರವಣಿಗೆ ಸ್ಮಶಾನಕ್ಕೆ ಬಂತು. ಮೊದೆಸ್ತಾ ಚೌಕಕ್ಕೆ ಹೋಗಿರಲಿಲ್ಲ, ಕಲ್ಲಿನ ಪಕ್ಕ ಮೊದಲೇ ಬಂದು ನಿಂತಿದ್ದಳು. ಹನ್ನೊಂದು ಹೆಸರು, ಏಳನೆಯದು ಅಪ್ಪನದು, ಅದೇ ಮೂರು ಪದ. ಯಾವ ಫ್ರೂತೋಸ್ ಎಂದು ಕಲ್ಲು ಹೇಳುತ್ತಿರಲಿಲ್ಲ.

ಇಂಥ ಸಮಾರಂಭಗಳಲ್ಲಿ ಒಂದು ಪದ್ಧತಿ ಇದೆ. ಸತ್ತವರ ಹೆಸರು ಒಂದೊಂದಾಗಿ ಕೂಗುತ್ತಾರೆ, ನೆರೆದವರೆಲ್ಲ ಅವರ ಪರವಾಗಿ "ಹಾಜರ್" ಎನ್ನುತ್ತಾರೆ. ವಿದಾಲ್ ಕಾಗದ ಬಿಡಿಸಿ ಕೂಗಿದ. ಮೊದಲ ಹೆಸರಿಗೆ ಎಂಬತ್ತು ಗಂಟಲು ಒಟ್ಟಿಗೆ "ಹಾಜರ್!" ಎಂದವು. ಎರಡನೆಯದು, ಮೂರನೆಯದು. ಪೈನ್ ಮರದ ಕಾಗೆಗಳು ಹಾರಿದವು. ಜನಕ್ಕೆ ಹುರುಪು ಬಂದಿತ್ತು, ಹೆಸರಿನಿಂದ ಹೆಸರಿಗೆ ದನಿ ಏರುತ್ತಿತ್ತು.

"ಫ್ರೂತೋಸ್ ನಾವಾಸ್ ಸಾನ್ಸ್!"

"ಬಾಯಿ ಮುಚ್ಚಿ!" ಎಂದಳು ಮೊದೆಸ್ತಾ.

ತೆರೆದ ಬಾಯಿಗಳು ತೆರೆದೇ ನಿಂತವು. ವಿದಾಲ್ "ಮೊದೆಸ್ತಕ್ಕ..." ಎಂದ. ಅವಳು ಅವನ ಕಡೆ ತಿರುಗಲಿಲ್ಲ.

"ಈ ಹೆಸರು ಒಂದ್ಸಲ ಕೂಗಾಗಿದೆ. ಕೂಗಿದಾಗ ಅವನೇ ಓಗೊಟ್ಟ. ಅವನ ಪರವಾಗಿ ನೀವು ಯಾರೂ ಕೂಗೋದು ಬೇಡ. ಅವತ್ತು ನಿಮ್ಮಪ್ಪ ನಿಮ್ಮಜ್ಜಂದಿರು ಸುಮ್ನಿದ್ರು. ನಾನೂ ಅಲ್ಲೇ ಇದ್ದೆ, ನಾನೂ ಸುಮ್ನಿದ್ದೆ. ಇವತ್ತೂ ಹಾಗೇ ಸುಮ್ನಿರಿ. ನಮ್ಮೂರಿಗೆ ಬರೋದು ಅದೊಂದೇ."

ಗುಂಪಿನ ಹಿಂದೆ ರೊಸಾಲ್ಬಾ ಮುಖ ಮುಚ್ಚಿಕೊಂಡು ನಿಂತಿದ್ದಳು. ವಿದಾಲ್ ಎಂಟನೆಯ ಹೆಸರು ಓದಿದ. ಹನ್ನೊಂದರಲ್ಲಿ ಹತ್ತು ಹೆಸರಿಗೆ ಊರು ಓಗೊಟ್ಟಿತು. ಆಮೇಲೆ ಎಲ್ಲರೂ ಕುರಿಮರಿ ಊಟಕ್ಕೆ ಹೊರಟರು. ಮೊದಲು ಮೆಲ್ಲಗೆ, ಗೇಟು ದಾಟಿದ ಮೇಲೆ ಬಿರಬಿರನೆ.

ಮೊದೆಸ್ತಾ ಕಲ್ಲಿನ ಬಳಿ ಉಳಿದಳು. ಎಪ್ಪತ್ತೆರಡು ವರ್ಷ ಅವಳು ಬೈದದ್ದು ಒಬ್ಬ ಪೆದ್ದನನ್ನು, ಅತ್ತದ್ದೂ ಅವನಿಗಾಗಿಯೇ. ಪೆದ್ದನಿಗೆ ಮಗಳು ಕಣದ ಅಂಚಿನಲ್ಲಿ ನಿಂತದ್ದು ಕಾಣದಿದ್ದರೆ ಅದು ತಪ್ಪಲ್ಲ. ಎಲ್ಲ ತಿಳಿದವನಿಗೆ, ಎರಡು ಕವೆ ಹುಲ್ಲು ಎಸೆಯುವಷ್ಟು ಹೊತ್ತಿದ್ದವನಿಗೆ, ಅವಳು ಕಂಡಿರಲೇಬೇಕು. ಕಂಡೂ ಲಾರಿ ಹತ್ತಿದ. ಅವಳು ಕೆತ್ತಿದ ಅಕ್ಷರದ ಮೇಲೆ ಬೆರಳಿಟ್ಟಳು. ರಾಳ ತಿಂದ ಬೆರಳಿಗೆ ಅಕ್ಷರದ ಅಂಚು ತಿಳಿಯಲಿಲ್ಲ.

"ನೀನು ಪೆದ್ದನೇ ಆಗಿದ್ದಿದ್ರೆ ಚೆನ್ನಾಗಿತ್ತಪ್ಪ" ಎಂದಳು. "ನಿನ್ನ ಊಟ ಹಿಡ್ಕೊಂಡು ನಾನು ಅಲ್ಲೇ ನಿಂತಿದ್ನಲ್ಲ."